ಫಕೀರವ್ವನ ಖಾನಾವಳಿಯ ಬೋಳು ಜಾಗ

ನಮ್ಮೂರಿನಲ್ಲಿ ಪೊರೆ ಹಾಸುವ ಮೇಸ್ತ್ರಿಗಳು ಒಟ್ಟು ಹನ್ನೊಂದು ಜನ. ಅವರಲ್ಲಿ ಹತ್ತು ಜನ ನನ್ನ ಶಿಷ್ಯರು. ಅವರು ಒಪ್ಪುವುದಿಲ್ಲ, ಆ ಮಾತು ಬೇರೆ. ಹನ್ನೊಂದನೆಯವನು ನಾನು, ಯಮನೂರಪ್ಪ ಮೇಸ್ತ್ರಿ. ನಾನು ಹಾಸಿದ ಪೊರೆಯ ಮೇಲೆ ಆನೆ ಹೊರಳಾಡಿದರೂ ಗೀರು ಬೀಳುವುದಿಲ್ಲ. ನಮ್ಮೂರಿಗೆ ಆನೆ ಇನ್ನೂ ಬಂದಿಲ್ಲವಾದ್ದರಿಂದ ಈ ಮಾತನ್ನು ಸುಳ್ಳು ಮಾಡಲು ಯಾರಿಂದಲೂ ಆಗಿಲ್ಲ.

ನಮ್ಮಲ್ಲಿ ಗೋಡೆಗೆ ಸುಣ್ಣ ಬಳಿಯುವ ಪದ್ಧತಿ ಇಲ್ಲ. ಗೋಡೆ, ನೆಲ, ಬಾವಿಯ ಒಳಸುತ್ತು, ಹೊಗೆಗೂಡು, ಹೀಗೆ ಗಾಳಿ ನೀರು ಧೂಳು ಎಲ್ಲೆಲ್ಲಿ ಮುಟ್ಟುತ್ತವೋ ಅಲ್ಲೆಲ್ಲ ಪೊರೆ ಇರಬೇಕು. ಜೀವ ಇರುವ ಪೊರೆ. ಎಲ್ಲಾದರೂ ಬೆರಳಗಲ ಬರಿ ಮಣ್ಣು ಕಂಡರೆ ಪುರಸಭೆಯವರು ಆ ಮನೆಗೆ ಬೀಗ ಜಡಿಯುತ್ತಾರೆ. ಯಾಕೆ ಎಂದು ನನ್ನ ಅಜ್ಜ ಒಮ್ಮೆ ಕೇಳಿದ್ದನಂತೆ. ಮಾರನೆಯ ದಿನ ಅವನ ಮನೆಗೇ ಬೀಗ ಬಿತ್ತು. ಅಂದಿನಿಂದ ನಮ್ಮ ವಂಶದಲ್ಲಿ ಯಾರೂ ಕೇಳುವುದಿಲ್ಲ, ಹಾಸುತ್ತೇವೆ.

ಪರವೂರಿನ ವೈದ್ಯರೊಬ್ಬರು ಒಮ್ಮೆ ನನ್ನ ಕೆಲಸ ನೋಡಿ ಬೆರಗಾಗಿ ನಿಂತುಬಿಟ್ಟರು. ಮನುಷ್ಯನ ಮೈಗೂ ಹೊರಗೆ ಒಳಗೆ ಇದೇ ಹೊದಿಕೆಯಂತೆ. ಚರ್ಮಕ್ಕೆ ಒಂದು ಬಗೆ, ಗಂಟಲಿಗೆ ಒಂದು, ಶ್ವಾಸಕೋಶಕ್ಕೆ, ಕರುಳಿಗೆ, ಮೂತ್ರಕೋಶಕ್ಕೆ ಒಂದೊಂದು. ಅವರ ಪುಸ್ತಕದಲ್ಲಿ ಅದಕ್ಕೆ ಅನುಲೇಪಕ ಅಂಗಾಂಶ ಎಂದು ಹೆಸರಿದೆಯಂತೆ. ಯಾರು ಯಾರನ್ನು ನೋಡಿ ಮಾಡಿದ್ದು ಎಂಬುದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ದೇವರಿಗೆ ಸಂಕೋಚವಾಗಬಾರದಲ್ಲ.

ಪೊರೆ ಎಂದರೆ ಎಲ್ಲ ಒಂದೇ ಎಂದು ತಿಳಿಯುವವರು ಪರವೂರಿನವರು, ಇಲ್ಲವೆ ನನ್ನ ಹತ್ತು ಶಿಷ್ಯರು. ಪೊರೆ ಆಗುವುದು ಒತ್ತೊತ್ತಾಗಿ ಕೂತ ಜೀವಂತ ಬಿಲ್ಲೆಗಳಿಂದ. ಕಿಟಕಿಗೆ ಹಾಕುವುದು ಒಂದೆಳೆಯ ಚಪ್ಪಟೆ ಪೊರೆ. ಈರುಳ್ಳಿಯ ಒಳಸಿಪ್ಪೆಗಿಂತ ತೆಳು. ಅದರಲ್ಲಿ ಗಾಳಿ ಅತ್ತಿಂದಿತ್ತ ದಾಟುತ್ತದೆ, ಗಾಳಿಯ ಜೊತೆಗೆ ಪಕ್ಕದ ಮನೆಯ ಜಗಳವೂ ದಾಟುತ್ತದೆ. ಬಚ್ಚಲಿನ ಕೊಳವೆಗೆ ಪಗಡೆಯ ದಾಳದಂಥ ಬಿಲ್ಲೆಗಳ ಪೊರೆ. ಹರಿದುಹೋಗುವ ನೀರಿನಲ್ಲಿ ಒಳ್ಳೆಯದೇನಾದರೂ ಉಳಿದಿದ್ದರೆ ಅದನ್ನು ಹೀರಿ ಮನೆಗೆ ವಾಪಸ್ಸು ಕೊಡುತ್ತದೆ. ಅಡುಗೆಮನೆಗೆ ಕಂಬದಂತೆ ಎತ್ತರದ ಬಿಲ್ಲೆಗಳು, ಒಂದೊಂದರ ನೆತ್ತಿಯ ಮೇಲೂ ನೂರಾರು ಪುಟಾಣಿ ಬೆರಳು. ಚೆಲ್ಲಿದ ಸಾರನ್ನು ಗೋಡೆ ನಿಮ್ಮ ಕಣ್ಣೆದುರೇ ಚಪ್ಪರಿಸುತ್ತದೆ. ಹೊಸ್ತಿಲಿಗೆ ಎಳೆಯ ಮೇಲೆ ಎಳೆ ಪೇರಿಸಿದ ದಪ್ಪ ಪೊರೆ. ಮೇಲಿನದು ಸವೆದು ಸತ್ತು ಹೊಟ್ಟಿನಂತೆ ಉದುರಿದರೆ ಕೆಳಗಿನದು ಮೇಲೆ ಬರುತ್ತದೆ. ಪುರಸಭೆಯ ಸದಸ್ಯರಂತೆ ಅಲ್ಲ. ನೀರಿನ ತೊಟ್ಟಿಗೆ ಹಿಗ್ಗುವ ಪೊರೆ. ತೊಟ್ಟಿ ತುಂಬಿದಾಗ ಬಿಲ್ಲೆಗಳೆಲ್ಲ ಚಪ್ಪಟೆಯಾಗಿ ಜಾಗ ಬಿಡುತ್ತವೆ, ಖಾಲಿಯಾದಾಗ ಗುಂಡಗಾಗಿ ಒತ್ತಿಕೊಂಡು ಕೂರುತ್ತವೆ.

ಬಗೆ ಯಾವುದೇ ಇರಲಿ, ಬಿಲ್ಲೆಗೂ ಬಿಲ್ಲೆಗೂ ನಡುವೆ ಸೂಜಿ ಆಡುವಷ್ಟೂ ಸಂದು ಇರುವುದಿಲ್ಲ. ಎಲ್ಲವೂ ಕೂರುವುದು ತಳಹಾಸು ಎಂಬ ಒಂದು ತೆಳ್ಳನೆಯ ಚಾಪೆಯ ಮೇಲೆ. ಪೊರೆಯೊಳಗೆ ರಕ್ತ ಹರಿಯುವುದಿಲ್ಲ. ಗೋಡೆಯ ಹಿಂದಿನ ಮಣ್ಣಿಗೆ ನಾವು ದಿನಾ ಹೊಯ್ಯುವ ಅಂಬಲಿ ತಳಹಾಸಿನ ಮೂಲಕ ಜಿನುಗಿ ಅದಕ್ಕೆ ಊಟವಾಗುತ್ತದೆ. ಪೊರೆ ಕೆರೆದುಹೋದರೆ ಚಿಂತೆಯಿಲ್ಲ, ಮತ್ತೆ ಬೆಳೆಯುತ್ತದೆ. ತಳಹಾಸು ಹರಿದರೆ ಮಾತ್ರ ಅಲ್ಲಿ ಮೊದಲಿನ ಪೊರೆ ಮೊದಲಿನಂತೆ ಎಂದೂ ಬೆಳೆಯುವುದಿಲ್ಲ. ನನ್ನ ಕರಣಿಯಿಂದ ಯಾವತ್ತೂ ತಳಹಾಸು ಹರಿದಿಲ್ಲ. ಹರಿದಿರಲಿಲ್ಲ, ಎನ್ನಬೇಕು.

ಈಗ ಫಕೀರವ್ವನ ವಿಷಯಕ್ಕೆ ಬರುತ್ತೇನೆ. ಫಕೀರವ್ವ ನನಗಿಂತ ಹತ್ತು ವರ್ಷ ಹಿರಿಯಳು, ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷದಿಂದ ಖಾನಾವಳಿ ನಡೆಸುತ್ತಾಳೆ. ಅವಳು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ಮೀಸೆ ಎಣಿಸಬಹುದು. ಬೀದಿಬಾಗಿಲಿನಿಂದ ಊಟದ ಮನೆಗೆ ಹೋಗಲು ಅಲ್ಲಿ ಇಪ್ಪತ್ತು ಹೆಜ್ಜೆಯ ಉದ್ದನೆಯ ಪಡಸಾಲೆಯಿದೆ. ಬೇರೆ ದಾರಿಯಿಲ್ಲ, ಹಿಂದೆ ಇರುವುದು ಬಾವಿ. ಇಂಥ ಪಡಸಾಲೆಗೆ ನಾವು ಹಾಸುವುದು ಕಸಬರಿಗೆ ಪೊರೆ. ಅದರ ಬಿಲ್ಲೆಗಳು ಕೆಲವು ಉದ್ದ, ಕೆಲವು ಗಿಡ್ಡ. ನೋಡಿದವರು ನಾಲ್ಕು ಸಾಲು ಎನ್ನುತ್ತಾರೆ, ಆದರೆ ಎಲ್ಲದರ ಪಾದವೂ ತಳಹಾಸಿನ ಮೇಲೇ ಊರಿರುತ್ತದೆ. ಮದುವೆ ಮನೆಯ ಫೋಟೋದಲ್ಲಿ ನಿಂತ ಬೀಗರಂತೆ. ನಡುನಡುವೆ ಬಟ್ಟಲಿನಂಥ ಬಿಲ್ಲೆಗಳು ಲೋಳೆ ಸುರಿಸಿ ಧೂಳನ್ನು ಹಿಡಿಯುತ್ತವೆ, ಉಳಿದವುಗಳ ನೆತ್ತಿಯ ಮೇಲಿನ ಎಳೆ ಎಳೆ ಕಸಬರಿಗೆಗಳು ಹಗಲೂ ರಾತ್ರಿ ಒಂದೇ ದಿಕ್ಕಿಗೆ ಬಾಗಿ ಎದ್ದು ಆ ಧೂಳನ್ನು ಬೀದಿಗೆ ತಳ್ಳುತ್ತವೆ.

ಮೂವತ್ತು ವರ್ಷ ಒಲೆಯ ಹೊಗೆ ಕುಡಿದು ಫಕೀರವ್ವನ ಪಡಸಾಲೆಯ ಕಸಬರಿಗೆಗಳು ಉದುರಿಹೋಗಿದ್ದವು. ಅಲ್ಲಲ್ಲಿ ಹೊಸ್ತಿಲಿನಂಥ ದಪ್ಪ ಪೊರೆ ತಾನಾಗಿಯೇ ಎದ್ದಿತ್ತು. ಪುರಸಭೆಯ ಪೊರೆ ಪರೀಕ್ಷಕ ವೆಂಕೋಬರಾಯರು ಬಂದು ನೋಡಿ, ಮೂಗಿಗೆ ಕರವಸ್ತ್ರ ಹಿಡಿದು, ಎಂಟು ದಿನದಲ್ಲಿ ಹೊಸ ಪೊರೆ ಏಳದಿದ್ದರೆ ಬೀಗ ಎಂದು ಬರೆದು ಹೋದರು. ಫಕೀರವ್ವ ನೇರವಾಗಿ ನನ್ನ ಮನೆಗೆ ಬಂದಳು.

"ಯಮನೂರಾ, ನಿನ್ನ ಬಾಯಿ ನಂಬಿ ಬಂದಿಲ್ಲ, ಕೈ ನಂಬಿ ಬಂದೀನಿ. ಬಾಯಿ ಮನ್ಯಾಗ ಇಟ್ಟು ಬಾ," ಎಂದಳು.

ಬಾಯಿಯನ್ನೂ ತೆಗೆದುಕೊಂಡು ಹೋದೆ. ಅದೇ ತಪ್ಪಾಯಿತು.

ಕಸಬರಿಗೆ ಪೊರೆ ಸುರುಳಿಯಾಗಿ ಬರುತ್ತದೆ. ಒಂದು ತುದಿಗೆ ಅರಿಶಿನ ಹಚ್ಚಿರುತ್ತಾರೆ. ಅರಿಶಿನದ ತುದಿ ಬೀದಿಯ ಕಡೆಗೆ ಬರಬೇಕು. ಇಷ್ಟೇ ವಿದ್ಯೆ. ನಾನು ಸುರುಳಿ ಬಿಚ್ಚುವ ಹೊತ್ತಿಗೆ ಬಳೆಗಾರ ಮಾಬುಸಾಬ ಊಟ ಮುಗಿಸಿ ಬಾಯಿ ಒರೆಸುತ್ತ ಬಂದು ನಿಂತ. ಅವನು ಬಳೆ ಮಾರುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕೆಣಕುವುದರಲ್ಲೇ ಹೊತ್ತು ಕಳೆಯುವವನು.

"ಇದನ್ನೇನು ನೋಡ್ತಿ ಮಾಬುಸಾಬ, ಕಣ್ಣು ಮುಚ್ಚಿ ಹಾಸ್ತೀನಿ," ಎಂದೆ.

"ನಿಂದು ಬರೇ ಬಾಯಿ ಬಡಾಯಿ ಮೇಸ್ತ್ರಿ. ಮುಚ್ಚಿ ತೋರ್ಸು ನೋಡೋಣು."

ಮುಚ್ಚಿದೆ. ಬರೀ ಮುಚ್ಚಿದ್ದಲ್ಲ, ಅವನ ಹೆಗಲ ಮೇಲಿನ ಟವೆಲ್ಲನ್ನೇ ಕಸಿದು ಕಣ್ಣಿಗೆ ಕಟ್ಟಿಕೊಂಡು, ಇಪ್ಪತ್ತು ಹೆಜ್ಜೆಯ ಪಡಸಾಲೆಯನ್ನು ಒಂದು ಸುಕ್ಕೂ ಇಲ್ಲದೆ, ಕಡೆಯ ಬಿಲ್ಲೆ ಗೋಡೆಗೆ ಕೂದಲೆಳೆಯಷ್ಟೂ ಸಂದು ಬಿಡದಂತೆ ಹಾಸಿ ಮುಗಿಸಿದೆ. ಮೂರು ಲೋಕದಲ್ಲಿ ಇಂಥ ಕೆಲಸ ಇನ್ನೊಬ್ಬನಿಂದ ಆಗದು. ಅರಿಶಿನದ ತುದಿ ಊಟದ ಮನೆಯ ಕಡೆ ಹೋಗಿತ್ತು ಎಂಬ ಸಣ್ಣ ಸಂಗತಿಯೊಂದನ್ನು ಬಿಟ್ಟರೆ. ಅದು ಕಂಡದ್ದು ಟವೆಲ್ ಬಿಚ್ಚಿದ ಮೇಲೆ. ಕಂಡ ಕೂಡಲೇ ಅರಿಶಿನವನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿಬಿಟ್ಟೆ. ಹಾಸಿದ ಸುರುಳಿಯನ್ನು ಮಾಬುಸಾಬನ ಎದುರಿಗೆ ಮತ್ತೆ ಎತ್ತುವುದೆಂದರೆ ನಾನು ಆವತ್ತೇ ಊರು ಬಿಡಬೇಕಿತ್ತು. ಪೊರೆಗೂ ಬುದ್ಧಿಯಿರುತ್ತದೆ, ಬೇರು ಬಿಡುವಾಗ ತಾನೇ ದಿಕ್ಕು ತಿರುಗಿಸಿಕೊಳ್ಳುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನಸ್ಸು ನಂಬಿತು. ನನ್ನ ಮಾತನ್ನು ನಂಬುವುದು ಅದೊಂದೇ.

ಹೊಸ ಪೊರೆ ಎಚ್ಚರಾಗಲು ನಾಲ್ಕು ದಿನ ಬೇಕು. ಎಚ್ಚರಾದದ್ದು ಸರಿಯಾಗಿ ಸೋಮವಾರ ಬೆಳಗ್ಗೆ, ವೆಂಕೋಬರಾಯರು ಬರುವ ದಿನ. ಮೊದಲು ಬೀದಿಯ ಒಣ ಎಲೆಗಳು ಸಾಲಾಗಿ ಒಳಗೆ ಬಂದವು. ಆಮೇಲೆ ಹೊರಗೆ ಬಿಟ್ಟಿದ್ದ ಚಪ್ಪಲಿಗಳು ಜೋಡಿ ಜೋಡಿಯಾಗಿ ಬಂದವು. ಆಮೇಲೆ ಬಂದವನು ಮಾಬುಸಾಬ. ಬಾಗಿಲಲ್ಲಿ ಇಣುಕಲು ಒಂದು ಕಾಲು ಒಳಗಿಟ್ಟಿದ್ದನಂತೆ. ಬಳೆಯ ಬುಟ್ಟಿ ತಲೆಯ ಮೇಲೆ, ಕೈ ಸೊಂಟದ ಮೇಲೆ, ಒಂದು ಹೆಜ್ಜೆಯನ್ನೂ ಹಾಕದೆ, ಪಲ್ಲಕ್ಕಿಯಲ್ಲಿ ಕೂತ ಸ್ವಾಮಿಗಳಂತೆ ತೇಲಿಕೊಂಡು ಬಂದು ಊಟದ ಮನೆಯಲ್ಲಿ ಇಳಿದ.

"ಏನ್ ಮೇಸ್ತ್ರಿ, ಇದು ಕಣ್ಣು ಮುಚ್ಚಿ ಹಾಸಿದ್ದಕ್ಕ ಬಂದ ಪುಣ್ಯೇನು?"

"ಬೇಕಂತ ಮಾಡಿದ್ದು," ಎಂದೆ. "ಗಿರಾಕಿ ತಾವ ಬರಬೇಕು, ಕರೀಬಾರ್ದು. ಹೊಸ ಶೋಧ."

ಹನ್ನೊಂದು ಗಂಟೆಯ ಹೊತ್ತಿಗೆ ಹೊಸ ಶೋಧ ನಲವತ್ತು ಜನರನ್ನು ಒಳಗೆ ತಂದಿತ್ತು. ಹಾಲು ಮಾರಲು ಬಂದವರು, ವಿಳಾಸ ಕೇಳಲು ಬಂದವರು, ಉಪವಾಸ ಇದ್ದವರು, ಎದುರಿನ ಖಾನಾವಳಿಗೆ ಹೊರಟವರು. ನಾನು ಹೇಳಿದ್ದಕ್ಕೆ ಬದ್ಧನಾಗಿ ಎಲ್ಲರಿಗೂ ನಮಸ್ಕಾರ ಮಾಡಿ ಕೂರಿಸಿದೆ. ಊಟವಾದ ಮೇಲೆ ಹೊರಡಲು ಎದ್ದವರಿಗೆ ತಿಳಿಯಿತು. ಮೂರು ಹೆಜ್ಜೆ ಮುಂದಿಟ್ಟರೆ ಕಸಬರಿಗೆಗಳು ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳುತ್ತಿದ್ದವು. ಗರಡಿಮನೆಯ ಪೈಲ್ವಾನನೊಬ್ಬ ಓಡಿಕೊಂಡು ಹೋಗಿ ನಡುಮಧ್ಯ ಜಾರಿ ಬಿದ್ದು, ಅಂಗಾತ ಮಲಗಿದಂತೆಯೇ ವಾಪಸ್ಸು ಸರಿದು ತನ್ನ ಊಟದ ಎಲೆಯ ಮುಂದೆ ಬಂದು ಬಿದ್ದ. ಫಕೀರವ್ವ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು, ಬೇರೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ವೆಂಕೋಬರಾಯರು ಬಂದರು. ಬಂದರು ಎಂದರೆ ತಪ್ಪಾಗುತ್ತದೆ, ತರಲ್ಪಟ್ಟರು. ಕೊಡೆ ಬಿಚ್ಚಿಕೊಂಡೇ ಇಪ್ಪತ್ತು ಹೆಜ್ಜೆ ಸರಿದು ಬಂದು, ಜುಣಕದ ಪಾತ್ರೆಗೆ ಡಿಕ್ಕಿ ಹೊಡೆದು ನಿಂತರು.

"ಯಾರದಿದು? ಪೊರಿ ತಿರುಗು ಮುರುಗು ಬಿದ್ದದ! ಯಾರ ತಪ್ಪಿದು?"

ಕಾನೂನು ಎಲ್ಲರಿಗೂ ಗೊತ್ತು. ತಪ್ಪು ಮೇಸ್ತ್ರಿಯದೆಂದು ಸಾಬೀತಾದರೆ ಅವನ ಕರಣಿಯನ್ನು ಹನ್ನೆರಡು ವರ್ಷ ಪುರಸಭೆ ಇಟ್ಟುಕೊಳ್ಳುತ್ತದೆ. ಮೇಸ್ತ್ರಿಯದಲ್ಲ ಎಂದಾದರೆ ತಪ್ಪು ಮನೆಯದು, ಮನೆಗೆ ಬೀಗ. ಗಾಳಿಯ ದೋಷ, ಅಂಬಲಿಯಲ್ಲಿ ಉಪ್ಪು ಜಾಸ್ತಿ, ಅಮಾವಾಸ್ಯೆ ಹತ್ತಿರವಿತ್ತು ಎಂದು ಹೇಳಲು ನನ್ನ ನಾಲಿಗೆಯ ಮೇಲೆ ಹದಿನಾರು ಕಾರಣಗಳು ಸಾಲುಗಟ್ಟಿ ನಿಂತಿದ್ದವು. ಫಕೀರವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಕೈಗೆಲ್ಲ ಜೋಳದ ಹಿಟ್ಟು.

"ಯಮನೂರಾ," ಎಂದಳು ಮೆಲ್ಲಗೆ, "ಈ ಒಲಿ ಮುಂದ ಮೂವತ್ತು ವರ್ಷ ಕುಂತೀನಿ. ಬೀಗ ಬಿದ್ರ ನಾ ಎಲ್ಲಿ ಹೋಗಿ ಕುಂದ್ರಲಿ?"

ಹದಿನಾರು ಕಾರಣಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಐವತ್ತೆರಡು ವರ್ಷದ ಬಾಳಿನಲ್ಲಿ ಮೊದಲ ಸಲ ನನ್ನ ಬಾಯಿಂದ ಬೇರೆ ಮಾತು ಹೊರಬಿತ್ತು.

"ತಪ್ಪು ನಂದು ರಾಯರ. ಅರಿಶಿಣದ ತುದಿ ಒಳಗ ಮಾಡಿ ಹಾಸೀನಿ. ಗೊತ್ತಾದ ಮ್ಯಾಲೂ ಅಳಿಸಿ ಸುಮ್ಮನಾದೆ."

ವೆಂಕೋಬರಾಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನಕ್ಕುಬಿಟ್ಟರು. ನಕ್ಕದ್ದಷ್ಟೇ ಅಲ್ಲ, ನಲವತ್ತು ಜನರೂ ನಕ್ಕರು.

"ಏ ಯಮನೂರಪ್ಪ, ಇದರಾಗೂ ಕೊಚ್ಚಿಕೊಳ್ಳೂದು ಬಿಡಲಿಲ್ಲಲ್ಲೋ ನೀನು! ಊರನ್ನೆಲ್ಲಾ ಒಳಗ ಎಳದು ಹಾಕೋ ಅಂಥಾ ದೊಡ್ಡ ತಪ್ಪು ಮಾಡಲಿಕ್ಕೆ ನಿನಗೆಲ್ಲಿ ಬರತದ? ಇದು ಮನೀ ದೋಷ. ಬರಕೋತೀನಿ."

"ಖರೇ ಹೇಳಾಕತ್ತೀನ್ರಿ!"

"ಆನಿ ಹೊರಳಾಡೋ ಮಾತೂ ಖರೇ ಅಂತಿದ್ದಿ," ಎಂದ ಮಾಬುಸಾಬ.

ನಾನು ಅಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದೇ ಕ್ಷಣದಲ್ಲಿ ನನ್ನ ಕೆಲಸಕ್ಕೆ ಬಂದದ್ದು ಹೀಗೆ. ಸುಳ್ಳು ಹೇಳಿದ್ದರೆ ಬಹುಶಃ ನಂಬುತ್ತಿದ್ದರು. ರಾಯರು ಬೀಗದ ಕಾಗದ ಬರೆಯಲು ಚೀಲಕ್ಕೆ ಕೈ ಹಾಕಿದರು. ಚೀಲದಲ್ಲಿ ಕಾಗದವಿತ್ತು, ಬೀಗ ಮಾತ್ರ ಹೊರಗೆ ಸೈಕಲ್ಲಿಗೆ ಕಟ್ಟಿತ್ತು. ಹೊರಗೆ ಹೋಗಲು ದಾರಿಯಿರಲಿಲ್ಲ.

ಬಾವಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ನಾನು ಪಡಸಾಲೆಗೆ ಇಳಿದೆ. ಯಾಕೆ ಎಂದು ಕೇಳಿದರೆ ಶೌರ್ಯ ಎನ್ನುತ್ತೇನೆ. ನಿಜವೆಂದರೆ ಅಲ್ಲಿ ನಿಂತು ಫಕೀರವ್ವನ ಮುಖ ನೋಡಲು ಆಗುತ್ತಿರಲಿಲ್ಲ. ಮೊಣಕಾಲೂರಿ, ಕರಣಿಯನ್ನು ಪೊರೆಗೆ ನಾಟಿ, ಮೈಯನ್ನು ಮುಂದಕ್ಕೆ ಎಳೆದು, ಮತ್ತೆ ನಾಟಿ, ಮತ್ತೆ ಎಳೆದು ಹೋದೆ. ಕಸಬರಿಗೆಗಳು ನನ್ನನ್ನು ಕಸ ಎಂದೇ ತಿಳಿದು ತಳ್ಳುತ್ತಿದ್ದವು. ಅವುಗಳ ತಿಳುವಳಿಕೆಯ ಬಗ್ಗೆ ಆ ದಿನ ನನಗೆ ತಕರಾರು ಇರಲಿಲ್ಲ. ಹತ್ತನೆಯ ಹೆಜ್ಜೆಯಲ್ಲಿ ಕೈ ಸೋತು ಹಿಂದಕ್ಕೆ ಜಾರತೊಡಗಿದೆ. ಇದ್ದ ಬಲವನ್ನೆಲ್ಲ ಹಾಕಿ ಕರಣಿ ಚುಚ್ಚಿದೆ. ಪರ್ರ್ ಎಂದು ಸದ್ದಾಯಿತು.

ಆ ಸದ್ದು ಪೊರೆ ಹಾಸುವ ಮೇಸ್ತ್ರಿಗಳಿಗೆ ಮಾತ್ರ ಗೊತ್ತು. ತಳಹಾಸು ಹರಿದಿತ್ತು. ಪಡಸಾಲೆಯ ನಟ್ಟನಡುವೆ, ಒಂದು ಮೊರದಷ್ಟು ಅಗಲ, ಬರಿ ಮಣ್ಣು.

ಅದರ ಮೇಲೆ ಎದ್ದು ನಿಂತೆ. ಕಸಬರಿಗೆಯೇ ಇಲ್ಲದ ಜಾಗವಾದ್ದರಿಂದ ಯಾವುದೂ ನನ್ನನ್ನು ತಳ್ಳಲಿಲ್ಲ. ಹಗ್ಗದ ಒಂದು ತುದಿಯನ್ನು ಬೀದಿಗೆ ಎಸೆದೆ, ಅಲ್ಲಿ ತಮಾಷೆ ನೋಡುತ್ತಿದ್ದವರು ಅದನ್ನು ದೀಪದ ಕಂಬಕ್ಕೆ ಬಿಗಿದರು. ಇನ್ನೊಂದು ತುದಿಯನ್ನು ಊಟದ ಮನೆಗೆ ಎಸೆದೆ. ಒಬ್ಬೊಬ್ಬರಾಗಿ ಹಗ್ಗ ಹಿಡಿದು, ನಡುವೆ ಬರಿ ಜಾಗದಲ್ಲಿ ನಿಂತು ಉಸಿರು ಬಿಟ್ಟು, ಮತ್ತೆ ಹಗ್ಗ ಹಿಡಿದು ಹೊರಗೆ ಹೋದರು. ಮಾಬುಸಾಬ ಒಂದು ಬಳೆಯೂ ಒಡೆಯದಂತೆ ದಾಟಿದ. ಕಡೆಗೆ ಬಂದವರು ರಾಯರು. ನಾನು ಜಾಗ ಬಿಟ್ಟು ಹಗ್ಗಕ್ಕೆ ಜೋತು ನಿಂತೆ. ಅವರು ಬರಿಗಾಲಿನಲ್ಲಿ ನಡುವೆ ನಿಂತು ಏದುಸಿರು ಬಿಟ್ಟರು. ಆಮೇಲೆ ಅವರ ಮುಖ ಬದಲಾಯಿತು.

"ಕಾಲಿಗೆ ಮಣ್ಣು ಹತ್ತಿದಂಗ ಆತಲ್ಲ?"

ಒಲೆಯ ಕಡೆಯಿಂದ ಫಕೀರವ್ವ ನೋಡುತ್ತಿದ್ದಳು.

"ಇದು ಬರಿ ಜಾಗ! ಅಳೀಬೇಕು!" ಎಂದು ರಾಯರು ಚೀಲ ಬಿಚ್ಚಿದರು. ಬರಿ ಜಾಗವನ್ನು ಪರೀಕ್ಷಕರು ಖುದ್ದು ಕಣ್ಣಾರೆ ಕಂಡು, ಖುದ್ದು ಬೆರಳಿಟ್ಟು ಅಳೆದು, ಅಲ್ಲೇ ನಿಂತು ಬರೆಯಬೇಕು ಎಂಬುದು ಅವರದೇ ಕಾನೂನು. ರಾಯರ ಪಾದಗಳು ಎಂಥವೆಂದರೆ ಒಂದೊಂದೂ ರೊಟ್ಟಿ ಬಡಿಯುವ ಹಲಗೆಯಷ್ಟು. ಎರಡು ಪಾದದ ಕೆಳಗೆ ಬರಿ ಜಾಗ ಪೂರ್ತಿ ಮುಚ್ಚಿಹೋಗಿತ್ತು. ಕಾಣಬೇಕಾದರೆ ಪಕ್ಕಕ್ಕೆ ಸರಿಯಬೇಕು. ಬರೆಯಲು ಎರಡೂ ಕೈ ಬೇಕಾದ್ದರಿಂದ ಹಗ್ಗ ಬಿಡಬೇಕು. ರಾಯರು ಹಗ್ಗ ಬಿಟ್ಟರು, ಪಕ್ಕಕ್ಕೆ ಸರಿದರು, ಮತ್ತು ಸರ್ರನೆ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ ಊಟದ ಮನೆಯಲ್ಲಿ ನಿಂತರು.

"ಬರ್ರಿ ರಾಯರ, ಬಿಸಿ ರೊಟ್ಟಿ ಐತಿ," ಎಂದಳು ಫಕೀರವ್ವ. ಅವಳ ಮುಖದ ಮೇಲೆ ಅಂದು ಬೆಳಗಿನಿಂದ ಮೊದಲ ಸಲ ಏನೋ ಅಲ್ಲಾಡಿದ್ದನ್ನು ನಾನು ದೂರದಿಂದಲೇ ಕಂಡೆ.

ರಾಯರು ಮತ್ತೆ ಹಗ್ಗ ಹಿಡಿದು ಬಂದರು. ಮತ್ತೆ ನಿಂತರು, ಮತ್ತೆ ಸರಿದರು, ಮತ್ತೆ ಹೋದರು. ಎರಡನೆಯ ಸಲ ಎಣ್ಣೆಗಾಯಿ, ಮೂರನೆಯ ಸಲ ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ನಾಲ್ಕನೆಯ ಸಲ ಬಂದು ನಿಂತಾಗ ಹೊಟ್ಟೆ ತೊಟ್ಟಿಯ ಹಿಗ್ಗುವ ಪೊರೆಯಂತೆ ಬಿಗಿದಿತ್ತು.

"ಯಮನೂರಪ್ಪ," ಎಂದರು ದೈನ್ಯದಿಂದ, "ನೀನರ ಬಗ್ಗಿ ನೋಡಿ ಹೇಳೋ. ಕಾಲ ಕೆಳಗ ಬರಿ ಜಾಗ ಐತೋ ಇಲ್ಲೋ?"

"ನಾ ಹೇಳಬಲ್ಲೆ ರಾಯರ. ಆದ್ರ ನನ್ನ ಮಾತು ನೀವು ನಂಬೂದಿಲ್ಲಲ್ರಿ."

ಬೀದಿಯಲ್ಲಿ ನಿಂತ ನಲವತ್ತು ಜನರೂ ಅಂದು ಎರಡನೆಯ ಸಲ ನಕ್ಕರು. ಈ ಸಲದ ನಗು ಕೇಳಲು ಚೆನ್ನಾಗಿತ್ತು. ಇನ್ನೊಂದು ರೊಟ್ಟಿಗೆ ಹೆದರಿದ ರಾಯರು ಬೀಗದ ಮಾತು ಬಿಟ್ಟು, ನಿಂತಲ್ಲೇ ಕಾಗದ ತೆಗೆದು, "ಕಣ್ಣಿಗೆ ಬಿದ್ದಷ್ಟರಲ್ಲಿ ಬರಿ ಜಾಗವಿಲ್ಲ. ಪೊರೆ ಜೀವಂತವಾಗಿದೆ, ಅಗತ್ಯಕ್ಕಿಂತ ಹೆಚ್ಚಾಗಿಯೇ ಇದೆ. ದಿಕ್ಕು ಸರಿಪಡಿಸಲು ಎಂಟು ದಿನ," ಎಂದು ಬರೆದು ರುಜು ಹಾಕಿ, ಹಗ್ಗ ಹಿಡಿದು ಮನೆಗೆ ಹೋದರು. ಮೂರು ದಿನ ಊಟ ಮಾಡಲಿಲ್ಲವಂತೆ.

ಎಂಟು ದಿನ ನಾನು ಆ ಪಡಸಾಲೆಯಲ್ಲೇ ಇದ್ದೆ. ಬಲಗಡೆಯ ಅರ್ಧವನ್ನು ಮೆಲ್ಲಗೆ ಕೆರೆದು, ಕಣ್ಣು ಬಿಟ್ಟುಕೊಂಡು, ಅರಿಶಿನದ ತುದಿಯನ್ನು ಬೀದಿಗೆ ಮಾಡಿ ಹೊಸ ಸುರುಳಿ ಹಾಸಿದೆ. ಎಡಗಡೆಯದನ್ನು ಇದ್ದ ಹಾಗೆಯೇ ಬಿಡು ಎಂದಳು ಫಕೀರವ್ವ. ಈಗ ಗಿರಾಕಿಗಳು ಎಡಗಡೆಯಿಂದ ತೇಲಿ ಬಂದು ಬಲಗಡೆಯಿಂದ ತೇಲಿ ಹೋಗುತ್ತಾರೆ. ಹನ್ನೆರಡು ಊರಿನಿಂದ ಜನ ಬಂದು ನೋಡಿದರು. ಹೆಚ್ಚು ಹೇಳುವುದು ನನ್ನ ಸ್ವಭಾವವಲ್ಲ, ಹದಿನಾಲ್ಕು ಊರು.

ನಡುವಿನ ಬರಿ ಜಾಗಕ್ಕೆ ನಾನು ಏನೂ ಮಾಡಲಿಲ್ಲ, ಮಾಡಲು ಬರುವಂಥದ್ದೂ ಇರಲಿಲ್ಲ. ದಿನಾ ಅಂಬಲಿ ಹೊಯ್ದು ಪಕ್ಕದಲ್ಲಿ ಕೂತು ನೋಡಿದೆ. ಅಂಚಿನಲ್ಲಿದ್ದ ಬಿಲ್ಲೆಗಳು ತಮ್ಮ ತಮ್ಮ ಕಸಬರಿಗೆಗಳನ್ನು ಕೆಳಗಿಟ್ಟು, ಅಕ್ಕಪಕ್ಕದವರ ಕೈ ಸಡಿಲಿಸಿ, ಚಪ್ಪಟೆಯಾಗಿ, ಮಣ್ಣಿನ ಮೇಲೆ ತೆವಳತೊಡಗಿದವು. ನಾಲ್ಕೂ ಕಡೆಯಿಂದ ಬಂದು, ಏಳನೆಯ ದಿನ ನಡುವೆ ಒಂದನ್ನೊಂದು ಮುಟ್ಟಿದ ಕೂಡಲೇ ನಿಂತುಬಿಟ್ಟವು. ಯಾರೂ ಯಾರ ಮೇಲೂ ಹತ್ತಲಿಲ್ಲ. ಮುಚ್ಚಿದ್ದು ನಾನೇ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಮುಚ್ಚಿದ್ದು ಅವು. ತೆಳ್ಳನೆಯ ಒಂದೆಳೆ ಪೊರೆ, ಅಷ್ಟೇ. ಅಲ್ಲಿ ಕಸಬರಿಗೆ ಮತ್ತೆ ಏಳಲಿಲ್ಲ, ಏಳುವುದೂ ಇಲ್ಲ. ರಾಯರು ಬಂದು ಬೆರಳಿಟ್ಟು ಮುಟ್ಟಿ ನೋಡಿ, ಪೊರೆ ಇದೆ ಎಂದು ಬರೆದುಕೊಂಡು, ಊಟಕ್ಕೆ ಕರೆಯುವ ಮೊದಲೇ ಓಡಿದರು.

ಆ ಪಡಸಾಲೆಯಲ್ಲಿ ಯಾರೂ ತಳ್ಳದೆ ನಿಲ್ಲಬಹುದಾದ ಜಾಗ ಈಗ ಅದೊಂದೇ. ಬರುವವರು ಹೋಗುವವರು ಅಲ್ಲಿ ಒಂದು ಗಳಿಗೆ ನಿಂತು ಮಾತಾಡುತ್ತಾರೆ. ಮಾಬುಸಾಬ ಅಲ್ಲೇ ಬುಟ್ಟಿ ಇಳಿಸಿ ಬಳೆ ತೊಡಿಸುತ್ತಾನೆ. ಗಿರಾಕಿಗಳೆಲ್ಲ ಹೋದ ಮೇಲೆ ನಾನು ಅಲ್ಲೇ ಕುಳಿತು ಊಟ ಮಾಡುತ್ತೇನೆ, ಬಲಗಾಲನ್ನು ಒಂದು ಕಡೆ ಸ್ವಲ್ಪ ಚಾಚಿಕೊಂಡು. ಅದು ನನ್ನ ಸ್ವಂತ ಶೋಧ, ವಿಶ್ರಾಂತಿ ಸ್ಥಾನ, ಲೆಕ್ಕ ಹಾಕಿಯೇ ಬಿಟ್ಟದ್ದು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಈಗ ಜನ ನಂಬುತ್ತಾರೆ.

ಒಂದು ಮಧ್ಯಾಹ್ನ ಫಕೀರವ್ವ ರೊಟ್ಟಿ ತಂದು ನನ್ನೆದುರು ಕುಕ್ಕುರುಗಾಲಿನಲ್ಲಿ ಕುಳಿತಳು.

"ಯಮನೂರಾ, ಕಾಲು ತಗಿ."

"ಯಾಕಕ್ಕಾ, ಬ್ಯಾನಿ ಐತಿ."

"ತಗಿಯೋ."

ತೆಗೆದೆ. ತೆಳು ಪೊರೆಯಲ್ಲವೇ, ಒಳಗಿನದು ಕಾಣುತ್ತದೆ. ಮಣ್ಣಿನಲ್ಲಿ ನನ್ನ ಕರಣಿಯ ಬಾಯಿ ಆಳಕ್ಕೆ ಕಚ್ಚಿದ ಗುರುತು ಇನ್ನೂ ಹಾಗೆಯೇ ಇತ್ತು. ಫಕೀರವ್ವ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಹಿಟ್ಟಿನ ಬೆರಳಿನಿಂದ ಮೆಲ್ಲಗೆ ಸವರಿದಳು.

"ಅವತ್ತ ನೀ ಹೇಳಿದ್ದು ನಾ ನಂಬಿದ್ದೆ," ಎಂದಳು. "ನಾ ಒಬ್ಬಾಕಿ."

ನನ್ನ ನಾಲಿಗೆಯ ಮೇಲೆ ಮಾತುಗಳು ಎಂದಿನಂತೆ ಸಾಲುಗಟ್ಟಿದವು. ನಾನು ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡೆ.